ಗೆಟಿಂಗ್ ಓವರ್ ಇಟ್: ಎರಡು ವರ್ಷ, ಒಂದು ಹಂಡೆ, ಅರ್ಧ ಡಬ್ಬಿ ಕೇರಂ ಪೌಡರ್

ಹಂಡೆಯೊಳಗೆ ಸೊಂಟದವರೆಗೆ ಹೂತು ಕೂತ ಬೋಳುತಲೆಯ ಗಂಡಸು, ಕೈಯಲ್ಲಿ ಉದ್ದ ಹಿಡಿಯ ಸುತ್ತಿಗೆ, ಎದುರಿಗೆ ಬೆಟ್ಟ. ಹತ್ತಬೇಕು, ಅಷ್ಟೇ. 2017ರಲ್ಲಿ 'ಗೆಟಿಂಗ್ ಓವರ್ ಇಟ್' ಅನ್ನುವ ಈ ವಿಡಿಯೋ ಗೇಮ್ ಬಂದಾಗ ಯೂಟ್ಯೂಬಿನಲ್ಲಿ ಜನ ಇದನ್ನಾಡುತ್ತಾ ಕಿರುಚುವುದನ್ನು ನೋಡಿ ನಾನೂ ನಕ್ಕಿದ್ದೆ. ಮೊಬೈಲಿಗೆ ದುಡ್ಡು ಕೊಟ್ಟು ಹಾಕಿಕೊಂಡಿದ್ದು ಮಾತ್ರ ಎರಡು ವರ್ಷದ ಹಿಂದೆ. ಆಟಕ್ಕೆ ದುಡ್ಡು ಕೊಡುವ ಜಾತಿ ನನ್ನದಲ್ಲ. ಆದರೆ ಪುಕ್ಕಟೆ ಆಟಗಳಲ್ಲಿ ಪ್ರತಿ ಎರಡು ನಿಮಿಷಕ್ಕೆ ರಮ್ಮಿ ಜಾಹೀರಾತು ನೋಡಿ ನೋಡಿ ಸಾಕಾಗಿತ್ತು. ಇದರಲ್ಲಿ ಆ ಕಾಟ ಇಲ್ಲ.

ಇದರಲ್ಲಿ ಜಿಗಿಯುವ ಬಟನ್ ಇಲ್ಲ. ಬೆರಳು ಎಳೆದ ಕಡೆ ಸುತ್ತಿಗೆ ತಿರುಗುತ್ತದೆ. ಕಲ್ಲಿನ ಅಂಚಿಗೆ ಸುತ್ತಿಗೆಯ ತಲೆ ಸಿಕ್ಕಿಸಿ ಎಳೆದರೆ ಹಂಡೆ ಮೇಲೇಳುತ್ತದೆ, ನೆಲಕ್ಕೆ ರಪ್ಪನೆ ಒತ್ತಿದರೆ ಹಾರುತ್ತದೆ. ಬೆರಳಿನ ವೇಗವೇ ಸುತ್ತಿಗೆಯ ವೇಗ. ನನ್ನ ತಕರಾರು ಶುರುವಾಗುವುದು ಇಲ್ಲೇ. ತಕರಾರು ಆಟದ ಮೇಲಲ್ಲ, ಉಡುಪಿಯ ಸೆಕೆಯ ಮೇಲೆ.

ಏಪ್ರಿಲ್‌ನಲ್ಲಿ ಇಲ್ಲಿ ರಾತ್ರಿ ಹತ್ತಕ್ಕೂ ಬೆರಳು ಬೆವರುತ್ತದೆ. ಬೆವರಿದ ಬೆರಳು ಗಾಜಿನ ಮೇಲೆ ಒಂದೇ ಸಮ ಜಾರುವುದಿಲ್ಲ, ಸ್ವಲ್ಪ ಅಂಟಿಕೊಳ್ಳುತ್ತದೆ, ಆಮೇಲೆ ಗಕ್ಕನೆ ಮುಂದೆ ಹೋಗುತ್ತದೆ. ಬೇರೆ ಆಟದಲ್ಲಾದರೆ ಅದು ಗೊತ್ತೂ ಆಗುವುದಿಲ್ಲ. ಇಲ್ಲಿ ಆ 'ಗಕ್' ನೇರ ಸುತ್ತಿಗೆಗೆ ಹೋಗುತ್ತದೆ, ಸುತ್ತಿಗೆ ಕಲ್ಲಿಗೆ ಬಡಿಯುತ್ತದೆ, ಹಂಡೆ ಹಿಂದಕ್ಕೆ ಹಾರುತ್ತದೆ, ಮತ್ತೆ ನೀವು ಮೊದಲಿನ ಒಣಗಿದ ಮರದ ಬುಡದಲ್ಲಿ. ನಡುವೆ ಎಲ್ಲೂ ಹಿಡಿದು ನಿಲ್ಲಿಸುವವರಿಲ್ಲ. ಆಪ್ ಮುಚ್ಚಿ ತೆರೆದರೂ ಉಪಯೋಗವಿಲ್ಲ, ಬಿದ್ದ ಜಾಗವನ್ನೇ ನೆನಪಿಟ್ಟುಕೊಂಡಿರುತ್ತದೆ.

ಮೊದಲು ಅಂಗಿಗೆ ಒರೆಸಿಕೊಂಡೆ, ಆಮೇಲೆ ಬೈರಾಸಿಗೆ. ಒಂದು ದಿನ ಕಪಾಟಿನ ಮೇಲಿದ್ದ ಹಳೆ ಕೇರಂ ಪೌಡರ್ ಡಬ್ಬಿ ಕಣ್ಣಿಗೆ ಬಿತ್ತು. ಸುಮ್ನೆ ಒಂದು ಚಿಟಿಕೆ ತೆಗೆದು ಹೆಬ್ಬೆರಳಿಗೆ ತಿಕ್ಕಿ, ಊದಿ, ಆಡಿ ನೋಡಿದೆ. ಬೋರ್ಡಿನ ಮೇಲೆ ಸ್ಟ್ರೈಕರ್ ಹೋದ ಹಾಗೆ ಬೆರಳು ಹೋಯಿತು! ಅವತ್ತಿನಿಂದ ಇದು ನಿತ್ಯದ ಪದ್ಧತಿ. ಊಟ, ಕೈತೊಳೆಯುವುದು, ಜಗಲಿಯಲ್ಲಿ ಫ್ಯಾನಿನ ಕೆಳಗೆ ಕುರ್ಚಿ, ಒಂದು ಚಿಟಿಕೆ ಪೌಡರ್, ಹದಿನೈದು ನಿಮಿಷ ಬೆಟ್ಟ. ಸೊಳ್ಳೆ ಜಾಸ್ತಿ ಇದ್ದರೆ ಹತ್ತು.

ಇದಕ್ಕೆ ದಂಡವನ್ನೂ ಕಟ್ಟಿದ್ದೇನೆ. ಮೂರು ತಿಂಗಳಾದ ಮೇಲೆ ಫೋನ್ ಚಾರ್ಜ್ ಆಗುವುದೇ ನಿಂತಿತು. ರಿಪೇರಿ ಅಂಗಡಿಯ ಹುಡುಗ ಪಿನ್ ಹಾಕುವ ತೂತಿನಿಂದ ಬಿಳಿ ಹುಡಿ ಕೆದಕಿ ತೆಗೆದು, "ಎಂತ ಅಣ್ಣ, ಫೋನಿಗೂ ಪೌಡರ್ ಹಾಕ್ತೀರಾ?" ಅಂತ ಕೇಳಿದ. ಈಗ ಆಡುವಾಗ ಆ ತೂತಿಗೆ ಟೇಪ್ ಅಂಟಿಸುತ್ತೇನೆ.

ಬೀಳುವುದರ ಬಗ್ಗೆ ನನಗಿದ್ದ ಸಿಟ್ಟು ಯಾವಾಗ ಇಳಿಯಿತೋ ಸರಿಯಾಗಿ ಹೇಳಲಾರೆ. ಬೆಟ್ಟದಲ್ಲಿ ಲಾಂದ್ರಗಳು ನೇತಾಡುವ ಕಿರಿದಾದ ಕಲ್ಲಿನ ಸಂದೊಂದಿದೆ, ಚಿಮಣಿ ಅಂತ ಅದಕ್ಕೆ ಹೆಸರು; ಅದನ್ನು ದಾಟಲು ನನಗೆ ಹನ್ನೊಂದು ದಿನ ಬೇಕಾಗಿತ್ತು. ಒಂದು ರಾತ್ರಿ ಅದಕ್ಕಿಂತ ಮೇಲಿರುವ ಕಿತ್ತಳೆ ಹಣ್ಣಿನ ಜಾಗದಿಂದ ಪೂರಾ ಕೆಳಗೆ ಬಿದ್ದೆ, ಬೈದುಕೊಂಡೇ ಮತ್ತೆ ಶುರು ಮಾಡಿದೆ, ನೋಡಿದರೆ ಐದೇ ನಿಮಿಷದಲ್ಲಿ ಚಿಮಣಿ ದಾಟಿ ಆಗಿತ್ತು. ಕೈಗೆ ದಾರಿ ಗೊತ್ತಿತ್ತು, ನನಗೇ ಗೊತ್ತಿರಲಿಲ್ಲ.

ಆಟ ಮಾಡಿದ ಬೆನೆಟ್ ಫಾಡಿ ಮೊದಲು ತತ್ವಶಾಸ್ತ್ರ ಓದಿದವರು. ನೀವು ಬಿದ್ದ ಕೂಡಲೇ ಅವರದೇ ಮೆತ್ತಗಿನ ದನಿ ಇಂಗ್ಲಿಷಿನಲ್ಲಿ ಸೋಲಿನ ಬಗ್ಗೆ ದೊಡ್ಡವರ ಮಾತುಗಳನ್ನು ಹೇಳುತ್ತದೆ. ಹೊಟ್ಟೆ ಉರಿಯುವಾಗ ಸುಭಾಷಿತ ಯಾರಿಗೆ ಬೇಕು? ನಾನು ಶಬ್ದ ನಿಲ್ಲಿಸಿಯೇ ಆಡುವುದು. ಹಂಡೆಯವನ ಹೆಸರು ಡಯೋಜಿನಿಸ್, ಜಾಡಿಯಲ್ಲಿ ವಾಸವಿದ್ದನೆಂದು ಹೇಳುವ ಗ್ರೀಕ್ ತತ್ವಜ್ಞಾನಿಯದ್ದೇ ಹೆಸರು. ಅಮ್ಮನಿಗೆ ಅದೆಲ್ಲ ಬೇಡ. ಅವರಿಗೆ ಅದು ನಮ್ಮ ಬಚ್ಚಲುಮನೆಯ ಹಂಡೆ. "ಅದರಿಂದ ಎದ್ದು ಹೊರಗೆ ಬಂದು ನಡ್ಕೊಂಡು ಹೋಗ್ಲಿಕ್ಕೆ ಅವನಿಗೆಂತ ದಾಡಿ?" ಅಂತ ಕೇಳುತ್ತಾರೆ. ಉತ್ತರ ನನ್ನ ಹತ್ತಿರ ಇಲ್ಲ.

ಮೇಲೊಂದು ಕಡೆ ಹಾವಿದೆ, ಹಾವಿನ ಮೇಲೆ ಹತ್ತಬೇಡಿ ಅಂತ ಬೋರ್ಡೂ ಇದೆ. ಹತ್ತಿದರೆ ಸೀದಾ ಬುಡಕ್ಕೆ. ಹಾವು-ಏಣಿ ಆಟದಿಂದ ಏಣಿ ತೆಗೆದುಹಾಕಿದ ಹಾಗೆ. ನಾನು ಹತ್ತಿದ್ದೇನೆ, ಎರಡು ಸಲ. ಎರಡನೆಯದು ಬೇಕಂತಲೇ.

ಮಕ್ಕಳಿಗೆ ಕೊಡಬೇಡಿ, ಫೋನ್ ಗೋಡೆಗೆ ಬೀಳುತ್ತದೆ. ಬಸ್ಸಿನಲ್ಲಂತೂ ಆಡಲೇಬೇಡಿ, ಹಂಪ್ ಬಂದರೆ ಒಂದು ವಾರದ ದುಡಿಮೆ ಹೋಯಿತು. ಒಮ್ಮೆ ಕೊಟ್ಟ ದುಡ್ಡಿಗೆ ಎರಡು ವರ್ಷ ಬಾಳಿಕೆ ಬಂದ ವಸ್ತು ನಮ್ಮ ಮನೆಯಲ್ಲಿ ಬೇರೆ ಯಾವುದೂ ಇಲ್ಲ ಅನ್ನುವುದೂ ನಿಜ.

ಹೋದ ಜೂನ್‌ನಲ್ಲಿ, ಮಳೆ ಹಿಡಿದು ಕರೆಂಟ್ ಹೋದ ಒಂದು ರಾತ್ರಿ, ಮಂಜಿನ ಬಂಡೆಯೂ ದಾಟಿತು. ತುದಿ ಮುಟ್ಟಿ ಹಂಡೆ ಆಕಾಶಕ್ಕೆ ಹೋಯಿತು. ಅಮ್ಮನನ್ನು ಕೂಗಿ ಕರೆದೆ. ಅವರು ಮೊಂಬತ್ತಿ ಹಿಡಿದುಕೊಂಡು ಬರುವಷ್ಟರಲ್ಲಿ ಆಟ ಮಾಡಿದವರ ಹೆಸರುಗಳೆಲ್ಲ ಓಡಿ ಮುಗಿದಿದ್ದವು. 50 ಸಲ ಮುಗಿಸಿದರೆ ಹಂಡೆ ಪೂರಾ ಬಂಗಾರದ್ದಾಗುತ್ತದಂತೆ ಅಂತ ಹೇಳುತ್ತಾ ಹೊಸ ಆಟ ಒತ್ತಿದೆ.

ಅಮ್ಮ ಬಗ್ಗಿ ನೋಡಿದರು. ಒಣಗಿದ ಮರ, ಅದೇ ಹಂಡೆ.

"ಪುನಃ ಬಿದ್ದನಾ?"