ಝೈತಿನ್‌ಬುರ್ನುವಿನ ಲಗ್ಮಾನ್, ಒಬ್ಬ ಪರೋಟದವನ ಲೆಕ್ಕದಲ್ಲಿ

ಇಸ್ತಾಂಬುಲ್‌ಗೆ ಹೋಗುವ ಮಂಗಳೂರಿನವರಿಗೆ ಒಂದು ಮಾತು. ಸುಲ್ತಾನಹ್ಮೆತ್ ಸುತ್ತಮುತ್ತ ಕಬಾಬ್ ತಿಂದು ತಿಂದು ಬಾಯಿ ಕೆಟ್ಟುಹೋದಾಗ ಟಿ1 ಟ್ರಾಮ್ ಹತ್ತಿ ಝೈತಿನ್‌ಬುರ್ನುವಿನಲ್ಲಿ ಇಳಿಯಿರಿ. ಚೀನಾದಿಂದ ಬಂದ ಉಯ್ಗುರ್ ಜನರ ಹೋಟೆಲುಗಳು ಆ ಕಡೆ ಬೇಕಾದಷ್ಟಿವೆ. ನಾವು ಹೋದದ್ದು ಗಲ್ಲಿಯೊಳಗಿನ ಒಂದು ಸಣ್ಣ ಹೋಟೆಲಿಗೆ. ಹೆಸರು ಬರೆಯುವುದಿಲ್ಲ, ಯಾಕೆಂದರೆ ದೂರುಗಳೂ ಸ್ವಲ್ಪ ಉಂಟು. ಹೆಸರು ಬೇಕಾಗಿಯೂ ಇಲ್ಲ. ಗಾಜಿನ ಹಿಂದೆ ಒಬ್ಬ ನಿಂತು ಹಿಟ್ಟು ಎಳೆಯುತ್ತಿದ್ದರೆ ಸುಮ್ನೆ ಒಳಗೆ ನುಗ್ಗಿ.

ನಾನು ತೊಕ್ಕೊಟ್ಟಿನಲ್ಲಿ ಸಣ್ಣ ಹೋಟೆಲ್ ಇಟ್ಟವನು. ನಮ್ಮಲ್ಲಿ ಪರೋಟ ಜಾಸ್ತಿ ಓಡುತ್ತದೆ. ಹಾಗಾಗಿ ಎಲ್ಲಿ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಹಿಟ್ಟಿನ ಕಡೆಗೆ.

ಲಗ್ಮಾನ್ ಅಂದರೆ ಕೈಯಲ್ಲಿ ಎಳೆದು ಮಾಡುವ ನೂಡಲ್ಸ್. ಮೆಷಿನ್ ಇಲ್ಲ, ಚಾಕು ಇಲ್ಲ, ಒತ್ತುಮಣೆಯೂ ಇಲ್ಲ. ಮೈದಾ, ಉಪ್ಪು, ನೀರು, ಅಷ್ಟೇ. ನಾವು ಪರೋಟಕ್ಕೆ ಹಾಕುವ ಮೊಟ್ಟೆ, ಸಕ್ಕರೆ ಯಾವುದೂ ಇಲ್ಲಿಲ್ಲ. ನಾದಿದ ಹಿಟ್ಟನ್ನು ಹೆಬ್ಬೆರಳಿನಷ್ಟು ದಪ್ಪಕ್ಕೆ ಹೊಸೆದು, ಎಣ್ಣೆ ಸವರಿ, ದೊಡ್ಡ ತಟ್ಟೆಯಲ್ಲಿ ಸುತ್ತಿಸುತ್ತಿ ಇಟ್ಟು ಮುಚ್ಚುತ್ತಾರೆ. ಆಮೇಲೆ ಕಾಯಬೇಕು. ಎಲ್ಲಾ ಗುಟ್ಟು ಈ ಕಾಯುವುದರಲ್ಲೇ ಇರುವುದು. ಹಿಟ್ಟು ಚೆನ್ನಾಗಿ ನೆನೆದು ಸಡಿಲಾಗದಿದ್ದರೆ ಎಳೆದಾಗ ಹರಿಯುತ್ತದೆ ಅಥವಾ ರಬ್ಬರಿನ ಹಾಗೆ ಹಿಂದಕ್ಕೆ ಬರುತ್ತದೆ. ಪರೋಟ ಬೀಸುವವರಿಗೆ ಇದು ಗೊತ್ತು. ಗಿರಾಕಿಗಳಿಗೆ ಗೊತ್ತಿಲ್ಲ, ಅದಕ್ಕೇ ಬೆಳಿಗ್ಗೆ ಬಂದು "ಎಂತ ಇಷ್ಟು ಲೇಟ್" ಅಂತ ಗಲಾಟೆ ಮಾಡುತ್ತಾರೆ.

ಗಾಜಿನ ಹಿಂದಿದ್ದ ಹುಡುಗನಿಗೆ ಇಪ್ಪತ್ತು ದಾಟಿರಲಿಕ್ಕಿಲ್ಲ. ಸುತ್ತಿಟ್ಟ ಹಿಟ್ಟಿನ ಒಂದು ತುದಿ ಹಿಡಿದು ಬೆರಳುಗಳ ನಡುವೆ ಹಾಯಿಸಿ ಪೆನ್ಸಿಲ್‌ನಷ್ಟು ತೆಳ್ಳಗೆ ಮಾಡಿದ. ನಂತರ ಎರಡೂ ಕೈಗೆ ನೂಲಿನ ಉಂಡೆ ಸುತ್ತುವ ಹಾಗೆ ಸುತ್ತಿಕೊಂಡ. ಕೈ ಅಗಲಿಸಿ ಎಳೆದ, ಹಲಗೆಯ ಮೇಲೆ ಟಪ್ ಅಂತ ಬಡಿದ, ಮತ್ತೆ ಎಳೆದ. ಒಂದೆಳೆಯೂ ತುಂಡಾಗಲಿಲ್ಲ. ನೇರ ಕುದಿಯುವ ನೀರಿಗೆ. ನಾನು ಈಚೆಯಿಂದ ಗಾಳಿಯಲ್ಲಿ ಪರೋಟ ಬೀಸಿ ತೋರಿಸಿದೆ. ಅವನಿಗೆ ತಕ್ಷಣ ಅರ್ಥವಾಯಿತು, ಬಿದ್ದು ಬಿದ್ದು ನಕ್ಕ. ಅಲ್ಲಿಂದ ಮುಂದೆ ನಮ್ಮ ಮೇಜಿಗೆ ಮರ್ಯಾದೆ ಬೇರೆಯೇ.

ಮೇಲೆ ಹಾಕುವ ಸಾರಿಗೆ ಕುರಿಮಾಂಸ, ಈರುಳ್ಳಿ, ಟೊಮೆಟೊ, ದೊಣ್ಣೆಮೆಣಸು, ಬೆಳ್ಳುಳ್ಳಿ, ಸೆಲರಿ. ದೊಡ್ಡ ಬೆಂಕಿಯಲ್ಲಿ ಬೇಗ ಬೇಗ ಹುರಿಯುತ್ತಾರೆ, ತರಕಾರಿ ಕಡಿದರೆ ಕರಕರ ಅನ್ನಬೇಕು. ನೂಡಲ್ಸ್ ಬಾಯಿಗಿಟ್ಟರೆ ಜಾರುತ್ತದೆ, ಆದರೆ ಹಲ್ಲಿಗೆ ಸಿಗುತ್ತದೆ. ನಮ್ಮೂರಿನ ಗಾಡಿಗಳ ಚೈನೀಸ್ ನೂಡಲ್ಸ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಸೋಯಾ ಸಾಸ್ ಸುರಿದು ಕಪ್ಪು ಮಾಡುವ ಕೆಲಸ ಇಲ್ಲಿಲ್ಲ. ಸಾರು ಉಳಿದು ನೂಡಲ್ಸ್ ಮುಗಿದರೆ ಇನ್ನೊಂದು ಹಿಡಿ ತಂದು ಹಾಕಿದರು, ದುಡ್ಡು ತೆಗೆದುಕೊಳ್ಳಲಿಲ್ಲ. ನಾನು ನನ್ನ ಹೋಟೆಲಿನಲ್ಲಿ ಹಾಗೆ ಮಾಡಿದರೆ ತಿಂಗಳೊಳಗೆ ಬಾಗಿಲು ಹಾಕಬೇಕು.

ಹೊರಡುವಾಗ ಹೆಂಡತಿಗೆ ಸಂಶಯ ಇತ್ತು. "ಚೈನಾದ ಊಟ ಅಂತೀರಿ, ಹಲಾಲ್ ಉಂಟಾ ಕೇಳಿದ್ದೀರಾ?" ಕೇಳುವ ಅಗತ್ಯವೇ ಬೀಳಲಿಲ್ಲ. ಬೋರ್ಡಿನಲ್ಲಿ ತುರ್ಕಿಯ ಕೆಳಗೆ ಅರಬಿ ಅಕ್ಷರದಲ್ಲಿ ಉಯ್ಗುರ್ ಬರಹ. ಮದ್ರಸದಲ್ಲಿ ಕಲಿತದ್ದರಿಂದ ಭಾವ ಕೂಡಿಸಿ ಕೂಡಿಸಿ ಓದಿದ, ಅರ್ಥ ಮಾತ್ರ ಅವನಿಗೂ ಆಗಲಿಲ್ಲ. ಒಳಗೆ ಹಂದಿ ಇಲ್ಲ, ಮದ್ಯ ಇಲ್ಲ. ಗೋಡೆಯಲ್ಲಿ ಕಸೂತಿಯ ದೊಪ್ಪಾ ಟೋಪಿ ಮತ್ತು ಎರಡು ತಂತಿಯ ಉದ್ದ ಕತ್ತಿನ ದುತಾರ್.

ಉಯ್ಗುರರು ಚೀನಾದ ವಾಯವ್ಯ ಮೂಲೆಯ ಶಿನ್‌ಜಿಯಾಂಗ್‌ನವರು. ಕಾಶ್ಗರ್, ಉರುಂಚಿ ಅವರ ಊರುಗಳು. ಭಾಷೆ ಉಜ್ಬೆಕ್‌ಗೆ ಹತ್ತಿರದ್ದು. ಟರ್ಕಿಗೆ ಅವರು 1950ರ ದಶಕದಿಂದಲೇ ಬರತೊಡಗಿದ್ದಾರೆ. ಕ್ಯಾಶಿನಲ್ಲಿ ಕೂತಿದ್ದ ಯಜಮಾನರು ಕಾಶ್ಗರಿನವರು. ಫೋನಿನ ಅನುವಾದದಲ್ಲಿ ಮಾತಾಡಿದೆವು. ಊರಿಗೆ ಹೋಗ್ತೀರಾ ಅಂತ ಹೆಂಡತಿ ಕೇಳಿದಳು. 2017ರ ನಂತರ ಅಣ್ಣನಿಗೆ ಒಂದು ಫೋನ್ ಕೂಡ ಹೋಗಿಲ್ಲ ಅಂದರು. ಲಕ್ಷಗಟ್ಟಲೆ ಜನರನ್ನು ಅಲ್ಲಿ ಶಿಬಿರಗಳಲ್ಲಿ ಕೂಡಿಹಾಕಿದ ಸುದ್ದಿ ನಾವೂ ಪೇಪರಿನಲ್ಲಿ ಓದಿದ್ದೆವಲ್ವಾ. ಅದು ಮಾನವತೆಯ ವಿರುದ್ಧದ ಅಪರಾಧ ಆಗಿರಬಹುದು ಅಂತ 2022ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿಯೇ ವರದಿ ಕೊಟ್ಟಿತು. ಯಜಮಾನರು ಅಷ್ಟು ಹೇಳಿ, ಚಹಾ ಇನ್ನೂ ಬೇಕಾ ಅಂತ ಕೇಳಿದರು.

ಇನ್ನು ದಾಪಂಜಿ. ಒಂದು ದೊಡ್ಡ ಹರಿವಾಣದಲ್ಲಿ ಎಲುಬು ಸಮೇತ ಕಡಿದ ಕೋಳಿ, ಆಲೂಗಡ್ಡೆ, ಒಣಮೆಣಸು, ಚಕ್ರಮೊಗ್ಗು. ಅರ್ಧ ತಿಂದಾಗ ಬೆಲ್ಟಿನಷ್ಟು ಅಗಲದ ನೂಡಲ್ಸ್ ತಂದು ಗ್ರೇವಿಗೆ ಹಾಕುತ್ತಾರೆ. ಕೋರಿ ರೊಟ್ಟಿ ತಿಂದು ಬೆಳೆದವರಿಗೆ ಮುಂದಿನದ್ದು ಹೇಳಿಕೊಡಬೇಕಾಗಿಲ್ಲ. ಇದರಲ್ಲಿ ನಾಲಗೆ ಜುಮ್ಮೆನ್ನಿಸುವ ಒಂದು ಸಣ್ಣ ಕಾಳು ಸಿಗುತ್ತದೆ, ಸಿಚುವಾನ್ ಮೆಣಸು. ಭಾವ ಹೆದರಿ ನೀರು ಕುಡಿದ. ಹೆದರಬೇಡಿ ಮಾರಾಯ್ರೆ, ಕೊಂಕಣಿಯವರು ಬಂಗುಡೆ ಗಸಿಗೆ ಹಾಕುವ ತೆಪ್ಪಲ್‌ನ ಜಾತಿಯದ್ದೇ ಅದು. ಕೋಳಿ ಖಾರವಾಗಿಯೇ ಇತ್ತು, ತೆಂಗಿನಕಾಯಿ ಇಲ್ಲದ ಕೊರತೆ ನನಗಂತೂ ಗೊತ್ತಾಗಲಿಲ್ಲ. ಮೂರು ಜನರಿಗೆ ಒಂದೇ ಪ್ಲೇಟ್ ಸಾಕು. ನಾವು ಅದರ ಜೊತೆ ಬೇರೆಯದನ್ನೂ ಹೇಳಿ ಹೊಟ್ಟೆ ಹಿಡಿದುಕೊಂಡು ಎದ್ದೆವು.

ಸಂಸಾ ಚೆನ್ನಾಗಿದೆ. ತಂದೂರಿನ ಗೋಡೆಗೆ ಅಂಟಿಸಿ ಬೇಯಿಸುವುದು, ಎಣ್ಣೆಯಲ್ಲಿ ಕರಿಯುವುದಿಲ್ಲ. ಒಳಗೆ ಮಾಂಸ, ಈರುಳ್ಳಿ, ಜೀರಿಗೆ, ಕೊಬ್ಬು. ಬಿಸಿಯಲ್ಲೇ ಕಚ್ಚಿದರೆ ರಸ ಮೊಣಕೈವರೆಗೆ ಇಳಿಯುತ್ತದೆ.

ಕಬಾಬ್ ಕಡ್ಡಿಯಲ್ಲಿ ಒಂದು ತುಂಡು ಮಾಂಸಕ್ಕೆ ಒಂದು ತುಂಡು ಬರೀ ಕೊಬ್ಬು. ಅವರಿಗೆ ಅದೇ ರುಚಿ. ಆಡಿನ ಮಾಂಸ ತಿಂದು ಅಭ್ಯಾಸ ಇರುವ ನಮಗೆ ಕುರಿಯ ವಾಸನೆ ಸ್ವಲ್ಪ ಹೊಡೆಯುತ್ತದೆ.

ಪೊಲೋ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ, ಬಿರಿಯಾನಿ ಅಂತ ಹೋಗಬೇಡಿ. ಅನ್ನ, ಕ್ಯಾರೆಟ್, ಕುರಿ, ಉಪ್ಪು, ಜೀರಿಗೆ. ಮಸಾಲೆ ಹುಡುಕಿದರೆ ಸಿಗುವುದಿಲ್ಲ. ಬೆಳಿಗ್ಗೆ ಒಂದು ದೊಡ್ಡ ಕಡಾಯಿ ಇಡುತ್ತಾರೆ, ಮುಗಿದರೆ ಮುಗಿಯಿತು. ನಮಗೆ ಸಿಕ್ಕಿದ್ದು ತಳದ್ದು, ಉಗುರು ಬೆಚ್ಚಗೆ, ಎಣ್ಣೆ ಎಲ್ಲಾ ಕೆಳಗಿಳಿದಿತ್ತು. ವಾಪಸು ಕಳಿಸಿದೆ. ಬಿಸಿ ಮಾಡಿ ಅದನ್ನೇ ತಂದರು. ಬಿಲ್ಲಿನಲ್ಲೂ ಪೂರ್ತಿ ಹಾಕಿದರು. ಹೋಟೆಲಿನವನಾಗಿ ಹೇಳುತ್ತೇನೆ, ಇದು ಸರಿಯಲ್ಲ.

ಸಸ್ಯಾಹಾರಿಗಳು ಬೇರೆ ದಾರಿ ನೋಡಿಕೊಳ್ಳಿ. ಮೊಟ್ಟೆ ಟೊಮೆಟೊ ಹಾಕಿದ ಲಗ್ಮಾನ್ ಬೇಕಾದರೆ ಮಾಡಿಕೊಡುತ್ತಾರಂತೆ, ಬಾಣಲೆ ಮಾತ್ರ ಅದೇ. ಸರ್ವಿಸ್ ನಿಧಾನ, ಎರಡು ಜನ ಹುಡುಗರು ಇಡೀ ಹೋಟೆಲ್ ಓಡಿಸುತ್ತಾರೆ. ಬೆಲೆಯನ್ನು ಲೀರಾದಲ್ಲಿ ಬರೆದು ಪ್ರಯೋಜನವಿಲ್ಲ, ಮೆನುವಿನ ಮೇಲೆ ಸ್ಟಿಕ್ಕರಿನ ಮೇಲೆ ಸ್ಟಿಕ್ಕರ್ ಅಂಟಿಸಿದ್ದರು. ನಾವು ಮೂವರು ತಿಂದದ್ದಕ್ಕೆ ಕೊಟ್ಟ ಹಣದಲ್ಲಿ ಸುಲ್ತಾನಹ್ಮೆತ್‌ನಲ್ಲಿ ಇಬ್ಬರ ಊಟವೂ ಆಗುತ್ತಿರಲಿಲ್ಲ.

ಶುಕ್ರವಾರ ಹೋಗುವುದಾದರೆ ಜುಮಾ ಮುಗಿಸಿಕೊಂಡು ಹೋಗಿ, ಅಷ್ಟರವರೆಗೆ ಒಲೆಯ ಹತ್ತಿರ ಯಾರೂ ಇರುವುದಿಲ್ಲ. ಆ ಹೊತ್ತಿಗೆ ಪೊಲೋ ಖಾಲಿಯಾಗಿರಬಹುದು. ನಷ್ಟವೇನಿಲ್ಲ.