ಮುಕ್ಕಾಲು ಇಂಚು, ಆರೂವರೆ ಸೂತ್, ಏಳು ಸೂತ್: ಮೂರು ಮಾಸ್ಟರ್ ಸಿಲಿಂಡರ್ ಹಾಕಿ ನೋಡಿದೆ

ಹಳೆಯ ಕಾರಿಗೆ ಹೋದ ವರ್ಷ ಮುಂದೆ ದೊಡ್ಡ ಕ್ಯಾಲಿಪರ್ (ಚಕ್ರದ ಡಿಸ್ಕನ್ನು ಹಿಡಿಯುವ ಬ್ರೇಕಿನ ಭಾಗ) ಹಾಕಿಸಿದ್ದೆ. ಅಂದಿನಿಂದ ಬ್ರೇಕ್ ಪೆಡಲ್ ಅರ್ಧ ದಾಟಿದ ಮೇಲೆಯೇ ಹಿಡಿಯುತ್ತಿತ್ತು. ದೊಡ್ಡ ಪಿಸ್ಟನ್ ತಳ್ಳೋಕೆ ಜಾಸ್ತಿ ಆಯಿಲ್ ಬೇಕು, ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಹಳೆಯ ಮಾಸ್ಟರ್ ಸಿಲಿಂಡರ್ ಅಷ್ಟು ಕೊಡಲ್ಲ. ಸೇಡಂ ರಸ್ತೆಯಲ್ಲಿ ಸಿಮೆಂಟ್ ಲಾರಿಗಳ ಹಿಂದೆ ಓಡಿಸುವವರಿಗೆ ಈ ಭಯ ಗೊತ್ತಿರುತ್ತೆ. ಕಲಬುರಗಿಯಲ್ಲಿ ನಮ್ಮ ಮೆಕ್ಯಾನಿಕ್ ಉಸ್ತಾದ್ ಜೊತೆ ಕೂತು ಮೂರು ಅಳತೆಯನ್ನೂ ಹಾಕಿ ಓಡಿಸಿ ನೋಡಿದೆ.

ಮೊದಲನೆಯದು ಕಂಪನಿ ಅಳತೆಯದೇ, ಮುಕ್ಕಾಲು ಇಂಚು, ಅಂದರೆ 19.05 ಮಿಲಿಮೀಟರ್ ಬೋರ್ (ಒಳಗಿನ ಅಡ್ಡಳತೆ), ಹೊಸದು. ಪೆಡಲ್ ಸ್ವಲ್ಪ ಮೇಲೆ ಬಂತು, ಅಷ್ಟೇ. ಆದರೆ ಕಾಲಿಟ್ಟರೆ ಸಾಕು, ಗಾಡಿ ನಿಲ್ಲುತ್ತಿತ್ತು. ಕ್ಯಾಲಿಪರ್ ಬದಲಿಸದವರಿಗೆ ಇದೇ ಸಾಕು. ಅಂಥವರು ದೊಡ್ಡದರ ಹಿಂದೆ ಬೀಳಬೇಡಿ.

ಎರಡನೆಯದು ಏಳು ಸೂತ್ (ಇಂಚಿನ ಎಂಟನೇ ಒಂದು ಭಾಗ ಒಂದು ಸೂತ್), 22.22 ಮಿಲಿಮೀಟರ್. ಎಲ್ಲರೂ ಹೇಳಿದ್ದು ಇದನ್ನೇ. ಪೆಡಲ್ ಮೇಲೆಯೇ ಹಿಡಿಯಿತು, ಕಲ್ಲಿನಂತೆ ಗಟ್ಟಿ. ಮೊದಲ ದಿನ ನನಗೆ ಖುಷಿಯೋ ಖುಷಿ. ಉಸ್ತಾದ್ ಮಾತ್ರ ಒಂದು ಸುತ್ತು ಓಡಿಸಿ ಬಂದು ಹೇಳಿದರು: "ಕಾಲಿಗೆ ಗಟ್ಟಿ ಅನಸ್ತದರಿ ಸರ, ಆದ್ರ ಗಾಡಿ ನಿಂದ್ರಂಗಿಲ್ಲ."

ಭಾನುವಾರ ಬೆಳಗ್ಗೆ ಕಪನೂರು ಕಡೆ ಖಾಲಿ ರಸ್ತೆಯಲ್ಲಿ ಸುಣ್ಣದ ಗೆರೆ ಹಾಕಿ 60ರ ವೇಗದಲ್ಲಿ ನೋಡಿದೆವು. ಅಷ್ಟೇ ಜೋರಾಗಿ ಒತ್ತಿದರೆ ಮೊದಲನೆಯದಕ್ಕಿಂತ ಐದಾರು ಹೆಜ್ಜೆ ಮುಂದೆ ಹೋಗಿ ನಿಂತಿತು. ಲೆಕ್ಕ ಸುಲಭ. ಈ ಬೋರಿನ ವಿಸ್ತೀರ್ಣ ಮುಕ್ಕಾಲು ಇಂಚಿನದಕ್ಕಿಂತ ಶೇಕಡ 36 ಜಾಸ್ತಿ. ಅದೇ ಬಲಕ್ಕೆ ಒತ್ತಡ ಶೇಕಡ 26ರಷ್ಟು ಕಡಿಮೆ. ಗಟ್ಟಿ ಪೆಡಲ್ ಅಂದರೆ ಒಳ್ಳೆ ಬ್ರೇಕ್ ಅಂತ ನಾವೆಲ್ಲ ನಂಬಿರುತ್ತೇವೆ, ಅಲ್ವಾ? ನಮ್ಮ ಕಾರನ್ನು ಮನೆಯವಳೂ ಓಡಿಸುತ್ತಾಳೆ. ಎರಡನೇ ದಿನಕ್ಕೇ ಅವಳಿಗೆ ಮೊಣಕಾಲು ನೋವು. ಅದನ್ನು ಬಿಚ್ಚಿಸಿದೆ.

ಮೂರನೆಯದು ನಡುವಿನದು. ಆರೂವರೆ ಸೂತ್, 20.64 ಮಿಲಿಮೀಟರ್. ಒತ್ತಡ ಕಡಿಮೆಯಾಗುವುದು ಶೇಕಡ 15 ಮಾತ್ರ. ದೊಡ್ಡ ಕ್ಯಾಲಿಪರ್ ಅದನ್ನು ತುಂಬಿಕೊಡುತ್ತದೆ. ಆದರೆ ಇದನ್ನು ಹಾಕಿದ ದಿನವೇ ಅವಾಂತರ ಆಯಿತು. ಮೇ ತಿಂಗಳ ಮಧ್ಯಾಹ್ನ, ರಿಂಗ್ ರೋಡಿನಲ್ಲಿ ಏಳೆಂಟು ಕಿಲೋಮೀಟರ್ ಹೋಗುವಷ್ಟರಲ್ಲಿ ಪೆಡಲ್ ಬಿಗಿಯಾಯಿತು, ಗಾಡಿ ಎಳೆಯುತ್ತಿಲ್ಲ, ಮುಂದಿನ ಚಕ್ರದಿಂದ ಸುಟ್ಟ ವಾಸನೆ. ಉಸ್ತಾದರಿಗೆ ಫೋನ್ ಮಾಡಿದೆ. ಅವರು ಹೇಳಿದಂತೆ ಬೂಸ್ಟರಿಗೆ (ಕಾಲಿನ ಬಲ ಹೆಚ್ಚಿಸುವ ಭಾಗ) ಸಿಲಿಂಡರ್ ಕೂರಿಸಿದ ಎರಡು ನಟ್ ಸ್ವಲ್ಪ ಸಡಿಲಿಸಿದೆ. ಟಕ್ ಅಂತ ಚಕ್ರ ಬಿಟ್ಟಿತು.

ತಪ್ಪು ಸಿಲಿಂಡರಿನದಲ್ಲ, ಬೂಸ್ಟರಿನಿಂದ ಅದನ್ನು ತಳ್ಳುವ ಪುಶ್ ರಾಡಿನದು. ರಾಡ್ ಒಂದು ಚೂರು ಉದ್ದವಾದರೂ ಸಿಲಿಂಡರಿನ ಒಳಗಿನ ರಬ್ಬರ್ ವಾಷರ್ ಪೂರ್ತಿ ಹಿಂದೆ ಬರಲ್ಲ. ಆಯಿಲ್ ಡಬ್ಬಿಗೆ ವಾಪಸ್ ಹೋಗುವ ಸಣ್ಣ ತೂತು ಮುಚ್ಚಿಯೇ ಇರುತ್ತದೆ. ಕಾದ ಆಯಿಲ್ ಹಿಗ್ಗಿದರೆ ಹೋಗಲು ದಾರಿಯಿಲ್ಲ, ಬ್ರೇಕ್ ತಾನಾಗಿ ಹಿಡಿಯುತ್ತದೆ. ನಟ್ ಸಡಿಲಿಸುವುದು ರಸ್ತೆ ಬದಿಯ ಉಪಾಯ ಮಾತ್ರ. ಹಾಗೆಯೇ ಓಡಿಸಬಾರದು.

ಆಮೇಲೆ ಮಾಡಿದ ಕ್ರಮ ಇದು. ರಾಡಿನ ತುದಿಗೆ ಮಕ್ಕಳು ಆಡುವ ಕ್ಲೇ ಚೂರು ಅಂಟಿಸಿ, ಸಿಲಿಂಡರ್ ಕೂರಿಸಿ, ನಟ್ ಬಿಗಿದು, ಮತ್ತೆ ಬಿಚ್ಚಿದೆವು. ಕ್ಲೇ ಚಪಾತಿಯಂತೆ ಒತ್ತಿತ್ತು. ಎಷ್ಟು ದಪ್ಪ ಉಳಿದಿದೆಯೋ ಅಷ್ಟೇ ಗ್ಯಾಪ್. ರಾಡಿನ ತುದಿಯ ಸ್ಕ್ರೂ ಕಾಲು ಕಾಲು ಸುತ್ತು ತಿರುಗಿಸಿ ಅರ್ಧ ಮಿಲಿಮೀಟರಿಗೆ ತಂದೆವು. ಬೇರೆ ಗಾಡಿಗೆ ಅದರ ಪುಸ್ತಕದ ಅಳತೆಯೇ ಸರಿ. ಗ್ಯಾಪ್ ಜಾಸ್ತಿಯಾದರೆ ಪೆಡಲ್ ಮತ್ತೆ ಖಾಲಿ ಹೋಗುತ್ತದೆ.

ಗಾಡಿಗೆ ಹಾಕುವ ಮೊದಲೇ ವೈಸಿನಲ್ಲಿ ಹಿಡಿದು ಸಿಲಿಂಡರಿನ ಏರ್ ತೆಗೆಯಿರಿ. ಏಳು ಸೂತಿಗೆ ಹಾಗೆ ಮಾಡದೆ ಸುಮ್ನೆ ಅರ್ಧ ದಿನ ಹಾಳಾಯಿತು. ಆಯಿಲ್ ಡಾಟ್ 4 (ಬ್ರೇಕ್ ಆಯಿಲಿನ ಒಂದು ದರ್ಜೆ) ಹಾಕಿದೆ. ಹೊಸದಿದ್ದಾಗ ಅದು 230 ಡಿಗ್ರಿವರೆಗೆ ಕುದಿಯಲ್ಲ, ಡಾಟ್ 3 ಆದರೆ 205.

ಈಗ ಗಾಡಿಯಲ್ಲಿರುವುದು ಆರೂವರೆ ಸೂತೇ. ಮೊನ್ನೆ ಹುಮನಾಬಾದಿಗೆ ಹೋಗಿ ಬಂದು ಇಳಿದ ಕೂಡಲೇ ನಾಲ್ಕೂ ರಿಮ್ ಮುಟ್ಟಿ ನೋಡಿದೆ. ಮುಂದಿನವು ಬೆಚ್ಚಗೆ, ಹಿಂದಿನವು ಅದಕ್ಕಿಂತ ತಣ್ಣಗೆ, ಎಡ ಬಲ ಒಂದೇ ಸಮ.