4.00-8 ಆಟೋ ಟೈರ್: ಕುಮಟಾ–ಶಿರಸಿ ಓಡಾಟದಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ

ಪ್ಯಾಸೆಂಜರ್ ಆಟೋಗೆ ಹಾಕುವ 4.00-8 ಸೈಜಿನ (ಅಗಲ 4 ಇಂಚು, ಒಳಗಿನ ಚಕ್ರ 8 ಇಂಚು), 6 ಪಿಆರ್ (ಪ್ಲೈ ರೇಟಿಂಗ್, ಅಂದರೆ ಭಾರ ತಡೆಯುವ ಗಟ್ಟಿತನದ ಲೆಕ್ಕ) ನೈಲಾನ್ ಟೈರನ್ನು ಕರಾವಳಿಯಲ್ಲೂ ಘಟ್ಟದಲ್ಲೂ ಹಲವು ಮಳೆಗಾಲ ಓಡಿಸಿದ್ದೇವೆ. ಟೈರು ಗಟ್ಟಿ, ಅದರಲ್ಲಿ ತಕರಾರಿಲ್ಲ. ನಮ್ಮ ಕಡೆ ಅದನ್ನು ಅವಧಿಗೆ ಮೊದಲೇ ಮುಗಿಸುವುದು ಕಡಿಮೆ ಗಾಳಿ ಮತ್ತು ತುಕ್ಕು ಹಿಡಿದ ಡಿಸ್ಕ್ (ಟೈರು ಕೂರುವ ಕಬ್ಬಿಣದ ಚಕ್ರ). ಯಾವ ಕಂಪನಿ ಒಳ್ಳೆಯದು ಎಂದು ಕೇಳುವ ಮೊದಲು ಇವೆರಡನ್ನು ನೋಡಿ.

ಹೆಚ್ಚು ಜೋಪಾನ ಬೇಕಾದ್ದು ಮುಂದಿನ ಚಕ್ರಕ್ಕೆ. ಕಾರು, ಲಾರಿಗಳ ಚಕ್ರ ಓಡುವ ಜಾಡು ಚೊಕ್ಕವಾಗಿರುತ್ತದೆ. ಆಟೋದ ಮುಂಚಕ್ರ ಓಡುವುದು ಆ ಎರಡು ಜಾಡುಗಳ ನಡುವೆ. ತೊಟ್ಟಿಕ್ಕಿದ ಆಯಿಲ್, ಸಣ್ಣ ಜಲ್ಲಿ, ಮಳೆಗಾಲದ ಪಾಚಿ ಎಲ್ಲ ಸೇರುವುದು ಅಲ್ಲೇ. ಈ ದಾರಿಯ ದೇವಿಮನೆ ಘಟ್ಟ ಇಳಿಯುವಾಗ ಬ್ರೇಕ್ ಒತ್ತಿದರೆ ಭಾರವೂ ಅದರತ್ತಲೇ ಸರಿಯುತ್ತದೆ. ಆದ್ದರಿಂದ ಮುಂದಕ್ಕೆ ಉದ್ದ ಗೀರಿನ, ಹಲ್ಲು ಚೆನ್ನಾಗಿರುವ ಟೈರೇ ಬೇಕು. ರಿಸೋಲ್ ಮಾಡಿದ್ದು (ಸವೆದ ಟೈರಿಗೆ ಹೊಸ ರಬ್ಬರ್ ಪದರ ಅಂಟಿಸಿದ್ದು) ಮುಂದಕ್ಕೆ ಖಂಡಿತ ಬೇಡ.

ಗಾಳಿಗೆ ಗಾಡಿಯ ಪುಸ್ತಕದಲ್ಲಿರುವ ಅಳತೆಯೇ ಆಧಾರ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವುದು ಆ ಟೈರು ತಡೆಯುವ ಗರಿಷ್ಠ ಮಿತಿ; ದಿನಾ ಹೊಡೆಸುವ ಲೆಕ್ಕ ಅದಲ್ಲ. ನಾವು ಮುಂದೆ 30, ಹಿಂದೆ 34 ಪಿಎಸ್‌ಐ ಇಡುತ್ತೇವೆ. ಬೆಳಿಗ್ಗೆ ಗಾಡಿ ಹೊರಡುವ ಮೊದಲೇ ಅಳೆಯಬೇಕು. ಓಡಿ ಬಿಸಿಯಾದಾಗ ಗಾಳಿ ಏರಿರುವುದು ಸಹಜ, ಆಗ ಬಿಟ್ಟರೆ ತಣಿದ ಮೇಲೆ ಕಡಿಮೆಯಾಗಿರುತ್ತದೆ. ಹಿಂದಿನ ಎರಡು ಚಕ್ರಗಳಲ್ಲಿ ಹೆಚ್ಚುಕಡಿಮೆ ಇದ್ದರೆ ಗಾಡಿ ಒಂದು ಕಡೆ ವಾಲುತ್ತದೆ, ತಿರುವಿನಲ್ಲಿ ಮಗುಚುವ ಭಯ ಹೆಚ್ಚು. ಮಳೆಗಾಲದಲ್ಲಿ ಹಿಡಿತ ಬರಲಿ ಎಂದು ಗಾಳಿ ಇಳಿಸುವ ರೂಢಿ ಬಹಳ ಕಡೆ ಇದೆ. ದಯವಿಟ್ಟು ಬಿಡಿ: ಟೈರು ಚಪ್ಪಟೆಯಾಗಿ ಗೀರು ಮುಚ್ಚಿಕೊಂಡರೆ ನೀರು ಹೊರಹೋಗಲು ದಾರಿ ಇರುವುದಿಲ್ಲ.

ಇನ್ನು ಡಿಸ್ಕ್. ಇದು ಎರಡು ಹೋಳು ಸೇರಿಸಿ ಬೋಲ್ಟ್ ಹಾಕಿದ್ದು. ಕಾರವಾರದ ಉಪ್ಪುಗಾಳಿ, ಅದರ ಮೇಲೆ ಮೀನಿನ ಬುಟ್ಟಿಯಿಂದ ಸೋರಿದ ನೀರು. ಹೋಳು ಕೂಡುವ ಅಂಚಿನಲ್ಲಿ ತುಕ್ಕು ಪದರಪದರವಾಗಿ ಏಳುತ್ತದೆ. ಆ ಚಕ್ಕೆಯೇ ಒಳಗಿಂದ ಟ್ಯೂಬನ್ನು ಕೊರೆಯುತ್ತದೆ. ಮೊಳೆ ಸಿಕ್ಕದೆ ಮತ್ತೆ ಮತ್ತೆ ಪಂಕ್ಚರ್ ಆಗುತ್ತಿದ್ದರೆ, ತೂತು ಟ್ಯೂಬಿನ ಒಳಸುತ್ತಿನಲ್ಲಿದ್ದರೆ, ಕಾರಣ ಇದೇ. ಜೂನ್‌ಗೆ ಮೊದಲೇ ಚಕ್ರ ಬಿಚ್ಚಿಸಿ, ವೈರ್ ಬ್ರಷ್‌ನಿಂದ ಉಜ್ಜಿ, ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಬಳಿದು, ಪೂರ್ತಿ ಒಣಗಿದ ಮೇಲೆ ಜೋಡಿಸಿ. ಚಕ್ರವನ್ನು ಗಾಡಿಗೆ ಹಿಡಿಸಿದ ನಟ್ಟು ಬೇರೆ, ಹೋಳುಗಳನ್ನು ಹಿಡಿಸಿದ್ದು ಬೇರೆ. ಹೋಳಿನ ನಟ್ಟು ಮುಟ್ಟುವ ಮೊದಲು ವಾಲ್ವ್‌ನ ಪಿನ್ ತೆಗೆದು ಗಾಳಿ ಪೂರ್ತಿ ಬಿಡಬೇಕು, ಇಲ್ಲದಿದ್ದರೆ ಹೋಳು ಸಿಡಿದು ಮುಖಕ್ಕೆ ಬಡಿಯಬಹುದು. ಮರಳಿ ಕೂಡಿಸುವಾಗ ಟ್ಯೂಬಿಗೆ ಪೌಡರ್ ಹಚ್ಚಿ, ಆಕಾರ ಬರುವಷ್ಟೇ ಗಾಳಿ ತುಂಬಿದರೆ ಅದು ಹೋಳುಗಳ ನಡುವೆ ಸಿಕ್ಕಿಕೊಳ್ಳುವುದಿಲ್ಲ. ಬೋಲ್ಟನ್ನು ಎದುರುಬದುರಾಗಿ ಬಿಗಿಯಿರಿ.

ಕೊಳ್ಳುವಾಗ ಟೈರಿನ ಪಕ್ಕದಲ್ಲಿರುವ ನಾಲ್ಕಂಕಿ ನೋಡಿ. 2324 ಎಂದಿದ್ದರೆ 2024ರ 23ನೇ ವಾರದ ಮಾಲು. ಅಂಗಡಿಯಲ್ಲೇ ಹಳತಾದದ್ದು ಬೇಡ.

ಸವೆತವೂ ಕಾರಣ ಹೇಳುತ್ತದೆ. ನಡುಭಾಗ ಸವೆದರೆ ಗಾಳಿ ಹೆಚ್ಚು, ಎರಡೂ ಅಂಚು ಸವೆದರೆ ಕಡಿಮೆ. ಮುಂದಿನದು ಒಂದೇ ಬದಿ ಸವೆದರೆ ಫೋರ್ಕ್ ಅಥವಾ ಬೇರಿಂಗ್ ತೋರಿಸಿ.

ಸ್ಟೆಪ್ನಿಗೆ ಯಾವಾಗಲೂ ಹಿಂದಿನ ಚಕ್ರದ ಅಳತೆಯ ಗಾಳಿ ಇರಲಿ. ಮುಂದಕ್ಕೆ ಹಾಕಬೇಕಾದರೆ ದಾರಿಯಲ್ಲೇ ಸ್ವಲ್ಪ ಬಿಡಬಹುದು, ತುಂಬುವುದಕ್ಕೆ ಘಟ್ಟದ ನಡುವೆ ಅಂಗಡಿ ಸಿಗುವುದಿಲ್ಲ.